ಮಾವನ ಕೆಮ್ಮು ಮತ್ತು ಗಿನಿಕೋಳಿ ಮರಿ

ಜುಲೈ ೯, ಗುರುವಾರ

ತಲೆ ಸಿಡಿಯುತ್ತಿದೆ. ಹಾವು ಕಂಡರೆ ಗಿನಿಕೋಳಿ ಕೂಗಿ ಎಚ್ಚರಿಸುತ್ತದೆ ಎಂದು ಮೊಟ್ಟೆ ತಂದವರು ನಮ್ಮ ಯಜಮಾನರು. ಕಾವು ಕೊಡುವ ಪೆಟ್ಟಿಗೆಯ ಚಾಕರಿ ಮಾತ್ರ ನನ್ನದು. ಸುಮಾರು ನಾಲ್ಕು ವಾರ ಮೊಟ್ಟೆ ಹೊರಳಿಸಿದೆ, ಬಟ್ಟಲಿಗೆ ನೀರು ತುಂಬಿದೆ, ಕರೆಂಟು ಹೋದಾಗಲೆಲ್ಲ ಕಂಬಳಿ ಹೊದಿಸಿದೆ.

ಗಾಳಿ ನುಗ್ಗುವುದಿಲ್ಲ ಅಂತ ಪೆಟ್ಟಿಗೆಯನ್ನು ಮಾವನ ಕೋಣೆಯಲ್ಲಿಟ್ಟಿದ್ದೇ ತಪ್ಪಾಯಿತು. ದಿನವಿಡೀ ಅದರ ಪಕ್ಕ ಕೂತು ಕೆಮ್ಮುತ್ತಾರೆ. "ಮುಚ್ಚಳ ತೆಗೀಬೇಡಿ ಮಾವ, ತೇವ ಆರಿದ್ರೆ ಮರಿ ಚಿಪ್ಪಿಗೇ ಅಂಟಿಕೊಳ್ಳುತ್ತೆ" ಅಂದರೆ, "ನಾನೇನು ಮುಟ್ಟಿದೆನಾ, ಸುಮ್ಮನೆ ನೋಡಿದೆ" ಅಂತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇವತ್ತು ಮಧ್ಯಾಹ್ನ ಮೊದಲ ಮರಿ ಹೊರಬಂತು. ಬಂದ ಗಳಿಗೆಯಿಂದ ಚೀರಾಟ. ನಾನು ಪೆಟ್ಟಿಗೆಯ ಗಾಜಿನ ಹತ್ತಿರ ಬಾಗಿ ಮಾತಾಡಿಸಿದರೂ ನಿಲ್ಲಿಸಲಿಲ್ಲ. ಮಾವ ಒಂದು ಸಲ ಕೆಮ್ಮಿದರು, ತೆಪ್ಪಗಾಯಿತು. ಮೊಟ್ಟೆಯೊಳಗಿಂದಲೇ ಕೇಳಿ ಬೆಳೆದ ದನಿಯಲ್ಲವೇ ಅದು. "ನೋಡಮ್ಮಾ, ನನ್ನ ಗುರುತು ಹಿಡೀತು" ಅಂತ ಅವರು ಬೀಗಿದ್ದೇ ಬೀಗಿದ್ದು. ಕಾವು ಕೊಟ್ಟವಳು ನಾನು, ನೆಂಟಸ್ತಿಕೆ ಅವರದು.

ಸಂಜೆ ನಾನೇ ಹಟ ಹಿಡಿದು ಅವರಿಗೆ ಕೆಮ್ಮಿನ ಸಿರಪ್ಪು ಕುಡಿಸಿದೆ. ಈಗ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾರೆ, ಒಂದು ಕೆಮ್ಮೂ ಇಲ್ಲ. ಮರಿ ಒಂದೇ ಸಮನೆ ಚೀರುತ್ತಿದೆ. ನಮ್ಮ ಯಜಮಾನರು ದಿಂಬನ್ನು ಕಿವಿಗೆ ಒತ್ತಿಕೊಂಡು, "ನೀನೇ ಒಂದ್ಸಲ ಕೆಮ್ಮಿ ನೋಡೇ" ಅಂದರು.

ಹೋಗಿ ಕೆಮ್ಮಿದೆ. ಒಂದು ಕ್ಷಣ ನನ್ನ ಮುಖ ನೋಡಿ, ಇನ್ನೂ ಜೋರಾಗಿ ಶುರುಮಾಡಿತು. ಅದರ ಪಕ್ಕದ ಮೊಟ್ಟೆಯೂ ಬಿರುಕು ಬಿಟ್ಟಿದೆ. ಸಿರಪ್ಪಿನ ಬಾಟಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು ಬಂದೆ.