ಕುತ್ತಿಗೆಯ ಗೆರೆಗೆ ಬರೆದುಕೊಟ್ಟ ಮುಲಾಮು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಅಧೀನದ ಆಸ್ಪತ್ರೆಯೊಂದರಲ್ಲಿ ಸ್ಟೆತಸ್ಕೋಪು ಡಾಕ್ಟರ ಕುತ್ತಿಗೆಯಲ್ಲಿ ನೇತಾಡುತ್ತದೆ, ರೋಗಿಯ ಕುತ್ತಿಗೆಗೆ ಮಾತ್ರ ಇಳಿಯುವುದಿಲ್ಲ. ಅದರಿಂದ ನನ್ನ ಯಜಮಾನರ ಮಾತು ಹೋಯಿತು.

ಅವರ ಹೆಸರು ವಿಠಲ. ಟಾಕೀಸಿನ ಜೀಪಿನಲ್ಲಿ ಕುಳಿತು ಕಾಪುವಿನಿಂದ ಕಾರ್ಕಳದವರೆಗೆ ಮೈಕಿನಲ್ಲಿ ಸಿನಿಮಾ ಸಾರುವವರು. "ನಿಮ್ಮವರ ಬಾಯಿಗೆ ರಜೆ ಉಂಟಾ?" ಎಂದು ನಮ್ಮ ಶಾಲೆಯ ಟೀಚರುಗಳು ನನ್ನನ್ನು ಕೇಳುವಷ್ಟು ಮಾತುಗಾರರು. ಕಳೆದ ನವೆಂಬರಿನಲ್ಲಿ ಲೂನಾ ಮೊಪೆಡ್ಡಿನಲ್ಲಿ ಉದ್ಯಾವರ ದಾಟುವಾಗ ಬ್ಯಾನರಿನ ಹಗ್ಗವೊಂದು ಅವರ ಕುತ್ತಿಗೆಗೆ ಸಿಕ್ಕಿ ಬಿದ್ದರು. ಮಂತ್ರಿಯೊಬ್ಬರ ಸ್ವಾಗತಕ್ಕೆ ಕಟ್ಟಿ, ಅವರು ಬಂದು ಹೋದ ಮೇಲೂ ಬಿಚ್ಚದೆ ಜೋತುಬಿದ್ದಿದ್ದ ಹಗ್ಗ. ಸ್ವಾಗತ ಅವರಿಗೆ, ಹಗ್ಗ ನಮಗೆ.

ಅವರನ್ನು ಆ ಆಸ್ಪತ್ರೆಗೆ ಕರಕೊಂಡು ಹೋದೆ. ನಿಮ್ಮ ಡಾಕ್ಟರು ಕುತ್ತಿಗೆಯ ಎಡಗಡೆಯ ಕೆಂಪು ಗೆರೆ ನೋಡಿ ಮುಲಾಮು ಬರೆದರು.

"ಎಡಗಣ್ಣಿನ ರೆಪ್ಪೆ ಇಳಿದಿದೆಯಲ್ಲ, ಅದೆಂತ?" ಎಂದೆ.

"ನಿದ್ದೆ ಬರುತ್ತಿರಬೇಕು. ನೀವು ಡಾಕ್ಟರಾ?"

"ಅಲ್ಲ, ಟೀಚರು. ಎರಡು ಕಣ್ಣು ಒಂದೇ ತರ ಉಂಟಾ ಎಂದು ನೋಡಲಿಕ್ಕೆ ಬರುತ್ತದೆ."

"ಮನೆಗೆ ಕರಕೊಂಡು ಹೋಗಿ."

ಮರುದಿನ ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿತು. ಏನಾಯಿತೆಂದು ಕೇಳಿದರೆ ತುಟಿ ಅಲುಗಿತು, ಮಾತು ಹೊರಡಲಿಲ್ಲ. ನಮ್ಮ ನೆರೆಯವರಾದ ಬಾಡಿಗೆ ಕಾರಿನ ಇದಿನಬ್ಬ ಬ್ಯಾರಿಗಳು ಮಣಿಪಾಲಕ್ಕೆ ಗಾಡಿ ಓಡಿಸಿದರು. "ಟೀಚರೇ, ಅವರನ್ನು ಮಾತನಾಡಿಸುತ್ತಾ ಇರಿ," ಎಂದರು. ದಾರಿಯುದ್ದಕ್ಕೂ ನಾನೊಬ್ಬಳೇ ಮಾತನಾಡಿದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಅಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು, ನನಗೆ ಬೇಡವಾಗಿತ್ತು.

ಅಲ್ಲಿನ ಡಾಕ್ಟರ್ ಆಂಜೆಲಾ ಕುತ್ತಿಗೆಗೆ ಸ್ಟೆತಸ್ಕೋಪು ಇಟ್ಟು, "ಒಳಗೆ ಸುಯ್ ಎನ್ನುತ್ತಿದೆ," ಎಂದರು. ರಕ್ತನಾಳ ಕಾಣುವ ಮದ್ದು ಚುಚ್ಚಿ ಎಕ್ಸ್‌ರೇ ತೆಗೆಸಿದರು. ಹೊರಗೆ ಚರ್ಮ ಹರಿಯದಿದ್ದರೂ ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳದ ಒಳಪದರ ಹರಿದಿತ್ತು; ರೆಪ್ಪೆ ಇಳಿದದ್ದು ಅದರ ಗುರುತಂತೆ. ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಮೇಲೇರಿ, ಬಲಗೈಯನ್ನೂ ಮಾತನ್ನೂ ನಡೆಸುವ ಎಡ ಮಿದುಳಲ್ಲಿ ಸಿಕ್ಕಿಕೊಂಡಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು ಕೊಡುತ್ತಾ, "ನಿನ್ನೆಯೇ ಬಂದಿದ್ದರೆ," ಎಂದು ಅರ್ಧಕ್ಕೆ ನಿಲ್ಲಿಸಿದರು. ನಿನ್ನೆ ನಾವು ನಿಮ್ಮಲ್ಲಿಗೆ ಬಂದಿದ್ದೆವು, ಸ್ವಾಮೀ.

ಈಗ ನಾಲ್ಕು ತಿಂಗಳು. ಕೈ ಬಂದಿದೆ, ಮಾತು ಒಂದೊಂದಾಗಿ ಬರುತ್ತಿದೆ. ಮೊನ್ನೆ ನನ್ನನ್ನು "ಇಂಟರ್‌ವಲ್" ಎಂದು ಕರೆದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು.

ನಿಮ್ಮ ಎಲ್ಲ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಿ. ಕುತ್ತಿಗೆಗೆ ಪೆಟ್ಟು ಬಿದ್ದವರ ನಾಳದ ಸದ್ದು ಕೇಳಬೇಕು, ಕಣ್ಣು ಕೈ ಮಾತು ಪರೀಕ್ಷಿಸಬೇಕು, ಅನುಮಾನ ಬಂದರೆ ಆ ಹೊತ್ತೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಬರೆಯಲು ತಮಗೆ ಬಿಡುವಿಲ್ಲದಿದ್ದರೆ ನಾನೇ ಬರೆದುಕೊಡುತ್ತೇನೆ. ತಾವು ರುಜು ಹಾಕಿದರೆ ಸಾಕು.

ಇಂತಿ,
ತಮ್ಮ ಆಸ್ಪತ್ರೆಯ ಚೀಟಿಯಲ್ಲಿ "ರೋಗಿಯ ಪತ್ನಿ ಜಗಳಗಂಟಿ" ಎಂದು ದಾಖಲಾಗಿರುವ
ವೇದಾವತಿ
ಕಾಪು, ಮಾರ್ಚ್ ೧೯೮೫