ಕೊಲಂಬೋಗೆ ಒಂದೇ ಟಿಕೆಟ್

ಅಕ್ಕಾ,

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದನ್ನು ನಾಯಿ ಎಲ್ಲಿಗೋ ಎಳೆದುಕೊಂಡು ಹೋಗಿದೆ.

ಬಲ್ಮಠದ ಸ್ಟುಡಿಯೋದಿಂದ ತಂದ ನಿನ್ನ ಪಾಸ್‌ಪೋರ್ಟ್ ಫೋಟೋ ರೇಡಿಯೋದ ಮೇಲಿದೆ. ಕಳ್ಳನನ್ನು ಹಿಡಿದ ಬ್ಯಾಂಕ್ ಆಫೀಸರ್ ಹಾಗೆ ಕಾಣುತ್ತೀಯ.

ಬಂದರಿನಿಂದ ತಂದ ಬಂಗುಡೆ ಮೀನು ಹಿತ್ತಿಲ ಬುಟ್ಟಿಯಲ್ಲಿದೆ. ಬೆಕ್ಕಿಗಿಂತ ಮೊದಲು ಅಮ್ಮನ ಕೈಗೆ ಸೇರಿಸು.

ನಿನ್ನೆಯಿಂದ ನಿನ್ನ ಮಾತೇ ತಲೆಯಲ್ಲಿ ಕೂತಿದೆ. ನಿನ್ನ ಬ್ಯಾಂಕು ಕೊಟ್ಟ ಒಂದೇ ವಾರದ ರಜೆಗೆ ನಾನು ಪ್ಯಾರಿಸ್, ಪ್ರಾಗ್ ಎಂದು ಕಾದಂಬರಿಗಳಲ್ಲಿ ಓದಿದ ಊರುಗಳನ್ನೆಲ್ಲ ಹೇಳಿದೆ. ನೀನು ಕೊಲಂಬೋ ಎಂದೆ.

"ಅಲ್ಲಿ ಎಂತ ಉಂಟು ಮಾರಾಯ್ತಿ? ನಮ್ಮ ಉಳ್ಳಾಲದ ಹಾಗೆ ಅದೇ ತೆಂಗಿನಮರ, ಅದೇ ಮೀನು" ಎಂದು ನಾನು ನಕ್ಕೆ.

"ಇರಲಿ ಮಾರಾಯ. ಆ ಮರದ ಕೆಳಗೆ ಕೂತರೆ, ನೀನು ಯಾವ ಮನೆಯವಳು, ಯಾರ ಮಗಳು ಅಂತ ಒಬ್ಬರೂ ಕೇಳುವುದಿಲ್ಲ. ನನಗೆ ಅಷ್ಟು ಸಾಕು" ಎಂದೆಯಲ್ಲ, ನಾನು ಓದಿದ ಯಾವ ಕಾದಂಬರಿಯಲ್ಲೂ ಪ್ರವಾಸಕ್ಕೆ ಇಷ್ಟು ಒಳ್ಳೆಯ ಕಾರಣ ಸಿಕ್ಕಿಲ್ಲ.

ಮಧ್ಯಾಹ್ನ ಮಹಾಬಲ ಮಾವ ಊಟಕ್ಕೆ ಬರುತ್ತಾರೆ. "ಹುಡುಗಿ ಒಬ್ಬಳೇ ಹೋಗುವುದು ಎಂತದ್ದು? ತಮ್ಮನಿಗೂ ನಾನೇ ಟಿಕೆಟ್ ತೆಗೀತೇನೆ" ಎಂದು ಅಮ್ಮನಿಗೆ ಹೇಳಿದ್ದಾರಂತೆ. "ಅವಳಿಗೆ ಕಾವಲು ಎಂತಕ್ಕೆ?" ಎಂದು ಅಮ್ಮ ಆಗಲೇ ನಿನ್ನ ಪಕ್ಷ ಸೇರಿದ್ದಾಳೆ.

ವಿಮಾನ ಹತ್ತಲು ನನಗೆ ಎಷ್ಟು ಆಸೆ ಎಂದು ನಿನಗೆ ಗೊತ್ತು. ನಾನು ಎದುರಿಗಿದ್ದರೆ ಪಾಪ, ಬರಲಿ ಎಂದು ನೀನು ಒಪ್ಪಿಬಿಡುತ್ತೀಯ. ಅದಕ್ಕೇ ನೀನು ಏಳುವ ಮೊದಲೇ ಹೊರಟೆ, ಮಾವ ಹೋದ ಮೇಲೆ ಬರುತ್ತೇನೆ.

ಮಾವನಿಗೆ ಈ ಸಾಲು ತೋರಿಸು: ಟಿಕೆಟ್ ಬೇಡ ಮಾವ, ನಾನು ಹೋಗುವುದಿಲ್ಲ.