ಉಪ್ಪನಿಗೆ ಕಾಲು ಉಂಟಾ?

ಕಾಪು
12 ಅಕ್ಟೋಬರ್ 2002, ಶನಿವಾರ

ಮುರ್ಶಿದಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದರೆ ಉಳಿದದ್ದನ್ನು ನೀವು ಆಮೇಲೆ ಓದಿದರಾಯಿತು ಎಂದು ಮಡಚಿ ಜೇಬಿಗೆ ಹಾಕುತ್ತೀರಿ. ನನಗೆ ನಿಮ್ಮ ಬುದ್ಧಿ ಗೊತ್ತು. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಗಾಬರಿ ಮಾತ್ರ ಬೇಡ.

ಪ್ರತಿ ಶುಕ್ರವಾರ ಫೋನಿನಲ್ಲಿ ಮಾತಾಡುವವಳು ಕಾಗದ ಏಕೆ ಬರೆದಳು ಎಂದು ಕೇಳಬೇಡಿ. ನಮ್ಮ ಫೋನು ಇರುವುದು ಚಾವಡಿಯ ಮೂಲೆಯಲ್ಲಿ, ನಿಮ್ಮ ತಾಯಿಯ ಮಂಚದ ತಲೆದೆಸೆಗೆ. ನೀವು ದುಬೈಯಿಂದ ಕರೆದರೆ ಮೊದಲು ಮಂಚದಲ್ಲೇ ಇರುವ ಮಾಮಿ, ಆಮೇಲೆ ಮಗಳು ಮುರ್ಶಿದಾ, ಆಮೇಲೆ ಆ ಹೊತ್ತಿಗೆ ಸರಿಯಾಗಿ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರು. ನನ್ನ ಕೈಗೆ ಬರುವಾಗ ನೀವು ಇಡುತ್ತೇನೆ ಎನ್ನುತ್ತಿರುತ್ತೀರಿ. ಇನ್ನೊಂದು ಕಾರಣವೂ ಇದೆ. ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಲು ನಾಚಿಕೆಯಾಗುವುದನ್ನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯಲು ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಮಮ್ಮು ಕಾಕ ಬರುವ ಬುಧವಾರ ಅಲ್ಲಿಗೆ ಹೊರಡುತ್ತಾರೆ. ಮಾಮಿ ಕಟ್ಟಿದ ಮಾವಿನ ಉಪ್ಪಿನಕಾಯಿಯ ಜೊತೆ ಇದನ್ನೂ ಅವರ ಕೈಯಲ್ಲಿ ಕೊಡುತ್ತೇನೆ.

ನಿನ್ನೆಯದಲ್ಲ, ಅದರ ಹಿಂದಿನ ಶುಕ್ರವಾರ ನೀವು ಪೆರ್ನಾಲ್ ಹಬ್ಬಕ್ಕೆ ಬರುವುದಿಲ್ಲ ಎಂದಿರಿ. ಕಂಪೆನಿಯವರು ರಜೆ ಕೊಡುತ್ತಾರೆ, ತಿಂಗಳ ಕೊನೆಯೊಳಗೆ ಹೆಸರು ಬರೆಸಬೇಕು, ಆದರೆ ನಾನು ಬರೆಸುವುದಿಲ್ಲ ಎಂದಿರಿ. ಏಕೆ ಎಂದು ಮಾಮಿ ಕೇಳಿದ್ದಕ್ಕೆ, “ಮಗುವನ್ನು ಅಳಿಸಲಿಕ್ಕೆ ನಾನು ಎಂತಕ್ಕೆ ಬರುವುದು? ದೂರ ಇದ್ದರೆ ನಗುತ್ತಾಳಲ್ಲ, ಅಷ್ಟು ಸಾಕು” ಎಂದಿರಂತೆ. ಮಾಮಿ ಆ ದಿನ ಊಟ ಮಾಡಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಪಾಪ ಎಂದೂ ಅನಿಸಿತು. ಆ ಸಿಟ್ಟಿನಲ್ಲೇ ಬರೆದಿದ್ದರೆ ಈ ಕಾಗದ ಬೇರೆ ರೀತಿ ಇರುತ್ತಿತ್ತು. ಆದರೆ ಈ ವಾರ ಒಂದು ಸಂಗತಿ ಆಯಿತು. ಅದನ್ನು ಹೇಳಬೇಕಾದರೆ ನಾನು ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯವನ್ನು ಮೊದಲು ಹೇಳಬೇಕು. ನಗಬಾರದು.

ಹೋದ ವರ್ಷ ನೀವು ಕಳಿಸಿದ ದಪ್ಪ ರಟ್ಟಿನ ಕಂಪೆನಿ ಡೈರಿ ನೆನಪಿದೆಯಾ? ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ ಎಂದು ಹೇಳಿದ್ದೆ. ಸುಳ್ಳು. ನಾನು ಅದರಲ್ಲಿ ಚಿತ್ರ ಬರೆಯುತ್ತೇನೆ. ಅಷ್ಟು ನುಣುಪಾದ ಕಾಗದದಲ್ಲಿ ಹಾಲಿನ ಲೆಕ್ಕ ಬರೆಯಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಪೆನ್ಸಿಲಿನಲ್ಲಿ ಗೆರೆ ಎಳೆದು ಅರಸಿನದ ನೀರು, ಹಾಲು ಹಾಕದ ಚಹಾದ ಕಣ್ಣು, ಬಟ್ಟೆಗೆ ಹಾಕುವ ನೀಲಿ, ಕೈಗೆ ಸಿಕ್ಕಿದ್ದನ್ನು ಬಳಿಯುತ್ತೇನೆ. ಆಮೇಲೆ ಉಡುಪಿಯಿಂದ ಒಂದು ಬಣ್ಣದ ಪೆಟ್ಟಿಗೆ ತಂದೆ. ಅದನ್ನೂ ಹೇಳಿರಲಿಲ್ಲ.

ಈ ಮನೆಯಲ್ಲಿ ನಿನಗೆ ಪುರುಸೊತ್ತು ಎಲ್ಲಿ ಎಂದು ನೀವು ಕೇಳುತ್ತೀರಿ. ಕುಚ್ಚಲಕ್ಕಿ ಕೊಟ್ಟದ್ದು. ಅಕ್ಕಿ ಒಲೆಯ ಮೇಲೆ ಇಟ್ಟರೆ ಅದು ಬೇಯುವ ತನಕ ಅಡುಗೆಮನೆ ಬಿಟ್ಟು ಕದಲುವ ಹಾಗಿಲ್ಲ, ಮಾಡುವುದಕ್ಕೂ ಏನಿಲ್ಲ. ಆಗ ಮಣೆ ಹಾಕಿ ಕೂತು ಕಣ್ಣೆದುರು ಕಂಡದ್ದನ್ನು ಬರೆಯುತ್ತೇನೆ. ಬೇಗ ಬೇಯುವ ಬೆಳ್ತಿಗೆ ಅಕ್ಕಿ ಉಣ್ಣುವ ಮನೆಗೆ ಮದುವೆಯಾಗಿದ್ದರೆ ನನಗೆ ಈ ಹುಚ್ಚು ಹಿಡಿಯುತ್ತಿರಲಿಲ್ಲ. ಒಂದೆರಡು ಸಲ ತಳ ಹಿಡಿದದ್ದೂ ಉಂಟು. ಮಾಮಿ ಮೂಗು ಅರಳಿಸಿ, “ಅನ್ನ ನೋಡುತ್ತಿದ್ದೀಯಾ, ಅನ್ನದ ಚಿತ್ರ ನೋಡುತ್ತಿದ್ದೀಯಾ?” ಎಂದು ಕೇಳಿದರು. ಅಂದರೆ ಅವರಿಗೆ ಗೊತ್ತಿದೆ. ನಿಮ್ಮಲ್ಲಿ ಹೇಳಲಿಲ್ಲ, ಅಷ್ಟು ಒಳ್ಳೆಯವರು.

ಜೀವ ಇರುವುದರ ಮುಖ ಬರೆಯಬಾರದು ಎಂದು ಅಜ್ಜಿ ಚಿಕ್ಕಂದಿನಲ್ಲಿ ಹೇಳಿದ್ದು ನನ್ನ ಕೈಯಲ್ಲಿ ಹಾಗೇ ಉಳಿದಿದೆ. ಮುಖ ಬರೆಯುವುದಿಲ್ಲ. ಕಾಲು, ಕೈ, ಬೆನ್ನು ಬರೆಯುತ್ತೇನೆ. ಮಣೆಯ ಮೇಲೆ ಕೂತವಳಿಗೆ ಹೇಗೂ ಜನರ ಕಾಲೇ ಮೊದಲು ಕಾಣುವುದು. ಜೂನ್ ತಿಂಗಳ ಪುಟಗಳಲ್ಲಿ ಚಾವಡಿಯ ತುಂಬ ಬಿಚ್ಚಿಟ್ಟ ಕೊಡೆಗಳು, ಅವುಗಳ ನಡುವೆ ನೀರು ತುಳಿಯುವ ಮುರ್ಶಿದಾಳ ಕಾಲು. ಆಟಿ ತಿಂಗಳ ಮಳೆಗೆ ಡೈರಿ ಉಬ್ಬಿ ಹಪ್ಪಳದಂತಾಯಿತು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕ ಇಟ್ಟು ಒಣಗಿಸಿದೆ. ಈಗಲೂ ಆ ಪುಟ ತೆರೆದರೆ ನಿಮ್ಮ ಇಷ್ಟದ ಸಿಗಡಿಯ ವಾಸನೆ ಬರುತ್ತದೆ. ಆಮೇಲೆ ಮಾಮಿಯ ಹೆಬ್ಬೆರಳಿಗೆ ಗಾಯವಾಗಿ ವಾರ ವಾರ ಮಣಿಪಾಲಕ್ಕೆ ಹೋಗುತ್ತಿದ್ದಾಗ ಬಸ್ಸಿನೊಳಗೆ ಕಂಡ ಚಪ್ಪಲಿಗಳು. ಹೋದ ವರ್ಷದ ಉಪವಾಸದ ತಿಂಗಳಿನಲ್ಲಿ ಮಸೀದಿಯ ಬಾಂಗಿಗೆ ಕಾಯುತ್ತಾ ಖರ್ಜೂರದ ತಟ್ಟೆಯ ಸುತ್ತ ಇಟ್ಟ ಕೈಗಳು. ಆ ಪುಟದಲ್ಲಿ ಅಕ್ಕಿ ರೊಟ್ಟಿಯ ಹಿಟ್ಟು ಅಂಟಿದೆ, ಒರೆಸಿದರೂ ಹೋಗಲಿಲ್ಲ.

ಮುರ್ಶಿದಾ ದಿನಾ ಮಲಗುವ ಮೊದಲು ಈ ಡೈರಿ ಬೇಕು ಎನ್ನುತ್ತಾಳೆ. ಕಾಲು ನೋಡಿ ಯಾರದೆಂದು ಹೇಳುವುದು ಅವಳ ಆಟ. ಮಾಮಿಯ ಬಿರುಕು ಹಿಮ್ಮಡಿ, ಮೀನಿನವಳ ಬೆಳ್ಳಿ ಉಂಗುರ, ಮಮ್ಮು ಕಾಕನ ಸವೆದ ಹವಾಯಿ ಚಪ್ಪಲಿ, ಒಂದೂ ತಪ್ಪುವುದಿಲ್ಲ. ನಿಮ್ಮದು ಮಾತ್ರ ಅದರಲ್ಲಿ ಇಲ್ಲ. ಕಣ್ಣೆದುರು ಇಲ್ಲದ್ದನ್ನು ಬರೆಯಲು ನನಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ನೀವು ಬಂದಿದ್ದಾಗ ಕಣ್ಣೆದುರೇ ಇದ್ದಿರಿ, ಆದರೆ ನಿಮ್ಮ ಮುಂದೆ ಡೈರಿ ತೆರೆಯಲು ನಾಚಿಕೆ. ನೀವು ಕಾರ್ಕಳದ ಅಕ್ಕನ ಮನೆಗೋ ಮಲ್ಪೆಗೋ ಹೋದಾಗ ಮಾತ್ರ ತೆಗೆಯುತ್ತಿದ್ದೆ.

ಆ ರಜೆಯ ವಿಷಯಕ್ಕೇ ಈಗ ಬರುತ್ತೇನೆ. ನೀವು ಮೊದಲ ಸಲ ಹೋದಾಗ ಅವಳಿಗೆ ಹಲ್ಲು ಬಂದಿರಲಿಲ್ಲ. ತಿರುಗಿ ಬಂದಾಗ ಅವಳಿಗೆ ಮೂರು ತುಂಬಿತ್ತು. ಎತ್ತಿಕೊಂಡರೆ ಕಿರುಚಿ, ಮೈ ಬಿಲ್ಲಿನಂತೆ ಮಾಡಿ ಕೆಳಗಿಳಿದು ಚಾವಡಿಗೆ ಓಡುತ್ತಿದ್ದಳು. ನೀವು ತಂದ ಗೊಂಬೆ ಬೇಡ, ಚಾಕಲೇಟು ಬೇಡ. ಪರಿಚಯ ಇಲ್ಲ, ಸರಿಹೋಗುತ್ತಾಳೆ ಎಂದು ಎಲ್ಲರೂ ಹೇಳಿದರು. ಸರಿಹೋಗಲಿಲ್ಲ. ಹೊರಡುವ ದಿನ ನೀವು ಬಾಗಿಲಲ್ಲಿ ನಿಂತು ಕೈ ಚಾಚಿದಿರಿ, ಅವಳು ಚಾವಡಿಯ ಮೂಲೆ ಬಿಟ್ಟು ಬರಲಿಲ್ಲ. ನೀವು ಕಾರಿನಲ್ಲಿ ಕೂತ ಮೇಲೆ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಮುಂದಿನ ಶುಕ್ರವಾರ ಫೋನಿನಲ್ಲಿ ಅದೇ ಮಗು ನಿಮ್ಮ ಜೊತೆ ಪಟಪಟ ಮಾತಾಡಿ ಮುತ್ತು ಕೊಟ್ಟಿತು.

ಮೊನ್ನೆ ಬುಧವಾರ ಬಾಲವಾಡಿಯ ಪ್ರೆಸಿಲ್ಲಾ ಟೀಚರ್ ನನ್ನನ್ನು ನಿಲ್ಲಿಸಿದರು. ಮಕ್ಕಳಿಗೆ ಅಪ್ಪ ಅಮ್ಮನ ಚಿತ್ರ ಬರೆಯಲು ಹೇಳಿದ್ದರಂತೆ. ಮುರ್ಶಿದಾಳ ಹಾಳೆ ತೋರಿಸಿ ನಗುತ್ತಾ ಹೇಳಿದರು, “ಇದೆಂತ ಹಲೀಮಾ? ನಿಮ್ಮ ಮಗಳು ಅಮ್ಮನಿಗೂ ಅಜ್ಜಿಗೂ ಬರೀ ಕಾಲು ಬರೆದಿದ್ದಾಳೆ. ಅಪ್ಪನಿಗೆ ಕಾಲೂ ಇಲ್ಲ ಮಾರಾಯ್ತಿ, ಒಂದು ಪೆಟ್ಟಿಗೆ ಮತ್ತು ಬಾಲ ಉಂಟು!” ನೋಡಿದೆ. ಪೆಟ್ಟಿಗೆಯ ಮೇಲೆ ಅಡ್ಡ ಹಿಡಿಕೆ, ಪಕ್ಕದಲ್ಲಿ ಸುರುಳಿ ಸುತ್ತಿದ ವಯರು. ಫೋನು. ಉಪ್ಪ ಫೋನಿನ ಹತ್ತಿರ ಇದ್ದಾರಾ ಎಂದು ಕೇಳಿದೆ. “ಹತ್ತಿರ ಅಲ್ಲ. ಇದೇ ಉಪ್ಪ” ಎಂದಳು, ನನಗೇ ಗೊತ್ತಿಲ್ಲವೇ ಎಂಬ ಹಾಗೆ.

ಟೀಚರ್ ಎದುರು ನಾನೂ ನಕ್ಕೆ. ದಾರಿಯಲ್ಲಿ ನಗು ನಿಂತುಹೋಯಿತು. ನಾವೇ ಹೇಳಿಕೊಟ್ಟದ್ದಲ್ಲವಾ! ಮಾತು ಬರುವ ಮೊದಲೇ ರಿಸೀವರನ್ನು ಅವಳ ಕಿವಿಗೆ ಹಿಡಿದು, ಇಗೋ ಉಪ್ಪ ಬಂದರು, ಉಪ್ಪನಿಗೆ ಸಲಾಂ ಹೇಳು, ಉಪ್ಪನಿಗೆ ಮುತ್ತು ಕೊಡು ಎಂದೆವು. ಅವಳು ಹೇಳಿದ ಹಾಗೆ ಕೇಳಿದಳು. ನಮ್ಮಲ್ಲಿ ಗೋಡೆಗೆ ಫೋಟೋ ಹಾಕುವ ವಾಡಿಕೆ ಇಲ್ಲ. ಮದುವೆಯ ಆಲ್ಬಂ ಕಪಾಟಿನ ಮೇಲಿನ ಖಾನೆಯಲ್ಲಿ ಇದೆ.

ಮನೆಗೆ ಬಂದವಳೇ ಡೈರಿಯ ಫೆಬ್ರವರಿ, ಮಾರ್ಚ್ ಪುಟಗಳನ್ನು ತೆರೆದೆ. ಒಂದರ ಮೇಲೊಂದು ಅದೇ ಚಿತ್ರ. ಸ್ಟೂಲಿನ ನಾಲ್ಕು ಕಾಲು, ಅದರ ಬುಡದಲ್ಲಿ ಮಡಚಿದ ಎರಡು ಪುಟ್ಟ ಕಾಲು. ಸೆಕೆಯ ದಿನ ಬರೀ ಚಡ್ಡಿಯಲ್ಲಿ, ಬಕ್ರೀದಿನ ದಿನ ಹೊಸ ಪಾಯಲ್ ಹಾಕಿಕೊಂಡು. ಆ ಸ್ಟೂಲಿನ ಮೇಲೆ ಫೋನು ಇದೆ. ಕೆಳಗೆ ನನ್ನ ಅಕ್ಷರದಲ್ಲೇ ‘ಹಠಮಾರಿ’ ಎಂದು ಬರೆದಿದ್ದೇನೆ. ಮುಖ ಬರೆಯದವಳಿಗೆ ಮಗು ಯಾವ ಕಡೆ ನೋಡುತ್ತಾ ಕೂತಿದೆ ಎಂಬುದು ಹೊಳೆಯಲಿಲ್ಲ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದು ಯಾರು ಎಂದು ಕೇಳಿದೆ. ನಾನು ಎಂದಳು. ಇಲ್ಲಿ ಏನು ಮಾಡುತ್ತಿದ್ದೀ ಎಂದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಉಪ್ಪ ಮಾತಾಡಲಿಲ್ಲ ಅಲ್ವಾ. ಆ ಮಾಮ ಮನೆಯಲ್ಲಿ ಇದ್ದರು. ಅವರು ಹೋದ ಮೇಲೆ ಉಪ್ಪ ಮಾತಾಡಿದರು.”

ನೀವು ಮನೆಯಲ್ಲಿ ಇದ್ದಷ್ಟು ದಿನ ಫೋನು ಹೊಡೆಯಲಿಲ್ಲ. ಹೊಡೆಯುವುದು ಹೇಗೆ, ಮಾಡುವವರು ಇಲ್ಲೇ ಇದ್ದಿರಲ್ಲ! ಅವಳು ನಿಮಗೆ ಹೆದರಿ ಓಡಿದ್ದಲ್ಲ. ನಿಮ್ಮ ತೋಳಿನಿಂದ ಇಳಿದು ನಿಮಗಾಗಿಯೇ ಕಾಯಲು ಓಡುತ್ತಿದ್ದಳು. ನಾವು ಇಷ್ಟು ದೊಡ್ಡವರೆಲ್ಲ ಸೇರಿ ಅವಳನ್ನು ಹಠಮಾರಿ ಎಂದೆವು. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಓದುವಾಗ ನಿಮಗೂ ಬರಲಿ.

ಆಲ್ಬಂ ಇಳಿಸಿ ನಿಮ್ಮನ್ನು ತೋರಿಸಿದೆ. “ಆ ಮಾಮ” ಎಂದು ತಕ್ಷಣ ಗುರುತು ಹಿಡಿದಳು. ಇವರೇ ಉಪ್ಪ, ದೂರ ಇರುವಾಗ ಅವರ ಸ್ವರ ಮಾತ್ರ ಆ ವಯರಿನೊಳಗೆ ಬರುತ್ತದೆ ಎಂದು ಹೇಳಿದೆ. ಮಾಮಿಯೂ ಹೇಳಿದರು. ನಂಬಲಿಲ್ಲ, ನಂಬದೆಯೂ ಇರಲಿಲ್ಲ. ನನ್ನ ಡೈರಿಯನ್ನು ಮೊದಲಿನಿಂದ ಕೊನೆಯ ತನಕ ತಿರುವಿದಳು. ಆಮೇಲೆ ಕೇಳಿದಳು, “ಉಪ್ಪನಿಗೆ ಕಾಲು ಉಂಟಾ?”

ಮನೆಯವರೆಲ್ಲರಿಗೂ ಆ ಡೈರಿಯಲ್ಲಿ ಕಾಲು ಇದೆ, ನಿಮಗೆ ಇಲ್ಲ. ಅವಳ ಲೆಕ್ಕ ಸರಿಯಾಗಿಯೇ ಇದೆ. ಆದ್ದರಿಂದ ಒಂದು ಕೆಲಸ ಮಾಡಿ. ಇದರ ಜೊತೆ ಅವಳು ಬರೆದ ಫೋನಿನ ಚಿತ್ರ ಇಟ್ಟಿದ್ದೇನೆ. ಅದನ್ನು ನೀವು ಇಟ್ಟುಕೊಳ್ಳಿ. ಇನ್ನೊಂದು ಖಾಲಿ ಹಾಳೆಯೂ ಇದೆ. ಅದನ್ನು ನೆಲದ ಮೇಲೆ ಹಾಕಿ, ಬರಿಗಾಲು ಇಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿ. ಬಗ್ಗಲು ಕಷ್ಟವಾದರೆ ರೂಮಿನವರ ಹತ್ತಿರ ಎಳೆಸಿ, ನಕ್ಕರೆ ನಗಲಿ. ಅದನ್ನು ಡೈರಿಗೆ ಅಂಟಿಸುತ್ತೇನೆ. ಮಗಳು ದಿನಾ ನೋಡಿ ಗುರುತು ಮಾಡಿಕೊಳ್ಳಲಿ.

ಇನ್ನು ರಜೆಯ ವಿಷಯ. ಹೆಸರು ಬರೆಸಿ. ಈ ಸಲ ಅವಳಿಗೆ ನಾಲ್ಕು ತುಂಬಿರುತ್ತದೆ, ನಾನು ದಿನಾ ಹೇಳಿ ಹೇಳಿ ತಯಾರು ಮಾಡಿರುತ್ತೇನೆ. ಬಂದ ದಿನ ಎತ್ತಿಕೊಳ್ಳಲು ಹೋಗಬೇಡಿ. ಚಾವಡಿಯಲ್ಲಿ ಅವಳ ಪಕ್ಕ ನೆಲದ ಮೇಲೆ ಕೂತು, ಫೋನಿನಲ್ಲಿ ಹೇಳುವಂತೆಯೇ ಸಲಾಂ ಹೇಳಿ. ಸ್ವರ ಅವಳಿಗೆ ಚೆನ್ನಾಗಿ ಗೊತ್ತು. ಅವಳಿಗಾಗಿಯಾದರೂ ಬನ್ನಿ. ನಿಮ್ಮ ತಾಯಿಗಾಗಿ ಬನ್ನಿ, ಅವರು ಬಾಯಿಬಿಟ್ಟು ಹೇಳುವವರಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ಮಾಮಿಯ ಗಾಯ ಪೂರ್ತಿ ಮಾಗಿದೆ. ಅಕ್ಕಿ ಬೆಂದಿತು, ಇನ್ನು ಬಸಿಯಬೇಕು.

ಡೈರಿಯನ್ನು ಮುಚ್ಚಿಟ್ಟದ್ದಕ್ಕೆ ಬೈಯದಿರಿ ಎಂದು ಬೇಡುವ,
ಹಲೀಮಾ

ಮತ್ತೆ: ಲಕೋಟೆ ಅಂಟಿಸುವ ಮೊದಲು ಒಮ್ಮೆ ಓದಿ ನೋಡಿದೆ. ಮಗಳಿಗಾಗಿ ಬನ್ನಿ, ತಾಯಿಗಾಗಿ ಬನ್ನಿ ಎಂದು ಎಷ್ಟು ಚೆನ್ನಾಗಿ ಬರೆದಿದ್ದೇನೆ! ಕನ್ನಡದಲ್ಲಿ ಬರೆದರೂ ನನ್ನ ನಾಚಿಕೆ ಹೋಗಲಿಲ್ಲ. ಮಗಳಿಗೆ ಸದ್ಯಕ್ಕೆ ಕಾಲಿನ ಗೆರೆ ಬಂದರೂ ಸಾಕು. ನನಗೆ ಸಾಲುವುದಿಲ್ಲ, ನೀವೇ ಬರಬೇಕು.